ದಪ್ಪ ದುಂಡು ಅಕ್ಷರದ ಬೋರ್ಡ್: ಬಾಲೂ ತಮ್ಮ ಹಾಕಿಸಿದವರು ಹೇಳಿ

ವಿಜಯನಗರದಿಂದ ಪ್ರಶ್ನೆ: ಮಕ್ಕಳ ಬಟ್ಟೆ ಅಂಗಡಿ ತೆರೆಯುತ್ತಿದ್ದೇನೆ. ಬೋರ್ಡಿಗೆ ಬಾಲೂ ತಮ್ಮ ಫಾಂಟ್ ಹಾಕುವ ಆಸೆ. ದಪ್ಪಗೆ, ದುಂಡಗೆ, ಮುದ್ದಾಗಿದೆ. ಹಾಕಿಸಿದವರು ಅನುಭವ ಹೇಳ್ತೀರಾ?

ಮಲ್ಲೇಶ್ವರದ ಬೇಕರಿಯವರು: ಫಾಂಟ್ ಏನೋ ಪುಕ್ಕಟೆ. ಗೂಗಲ್ ಫಾಂಟ್ಸ್‌ನಲ್ಲಿದೆ, ವ್ಯಾಪಾರಕ್ಕೂ ಬಳಸಬಹುದು. ದುಡ್ಡು ಹೋಗುವುದು ಅಕ್ರಿಲಿಕ್ ಅಕ್ಷರಕ್ಕೆ. ನಮ್ಮ ಹೆಸರಲ್ಲಿ ‘ಸಮೃದ್ಧಿ’ ಇದೆ. ಅಕ್ಷರ 12 ಇಂಚು, ಇಂಚಿಗೆ 120 ರೂಪಾಯಿ ಅಂದರು. ಮೂರು ಅಕ್ಷರಕ್ಕೆ 4,320 ಆಗಬೇಕು ಅಲ್ವಾ? ಬಿಲ್ಲಿನಲ್ಲಿ ‘ಮೃ’ 17 ಇಂಚು, ‘ದ್ಧಿ’ 20 ಇಂಚು! ಒತ್ತು, ವಟ್ರಸುಳಿ ಎಲ್ಲ ಸೇರಿಸಿ ಅಳೆದಿದ್ದಾರೆ. 5,880 ಎಣಿಸಿದೆ. ಮೊದಲ ಮಳೆಗೇ ಒತ್ತಿನೊಳಗಿನ ಎಲ್‌ಇಡಿ ಆರಿತು. ಈಗ ರಾತ್ರಿ ಹೊತ್ತು ನಮ್ಮದು ‘ಸಮೃದಿ’.

ಕಾಟನ್‌ಪೇಟೆಯಲ್ಲಿ ಬೋರ್ಡ್ ಮಾಡುವವರು: ಸಾರ್, ಒತ್ತು ಬೇರೆ ತುಂಡು. ಅದಕ್ಕೆ ಬೇರೆ ವೈರು, ಬೇರೆ ಸ್ಕ್ರೂ. ಇಂಗ್ಲಿಷ್ ಅಕ್ಷರದ ರೇಟು ಕನ್ನಡಕ್ಕೆ ಹಾಕಿದರೆ ನಾವು ಬಾಗಿಲು ಮುಚ್ಚಬೇಕು. ಅದರ ಮೇಲೆ ಗಿರಾಕಿಗಳು ‘ನುಡಿ’ ಅನ್ನೋ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ ಫೈಲ್ ತರುತ್ತಾರೆ. ಬಾಲೂ ಯೂನಿಕೋಡ್ ಫಾಂಟ್, ಅದರ ಅಕ್ಷರ ಸಂಕೇತವೇ ಬೇರೆ. ಬದಲಿಸಿದ ಕೂಡಲೇ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಅದನ್ನು ಸರಿಮಾಡಿದ್ದಕ್ಕೆ ಯಾರೂ ಕಾಸು ಕೊಡಲ್ಲ.

ಬೇಕರಿಯವರು: ಕೇಳಿ, ಕೊಡ್ತೀವಿ. ಆದರೆ ಮೊದಲೇ ಹೇಳಿ. ಬಿಲ್ಲಿನಲ್ಲಿ ಹೇಳಬೇಡಿ.

ಜಯನಗರ, ಶಿಶುವಿಹಾರ ನಡೆಸುವವರು: ನಮ್ಮದು ಬೋರ್ಡ್ ಅಲ್ಲ, ಕರಪತ್ರ. ಪ್ರೆಸ್ಸಿನವರು ಸಣ್ಣ ಅಕ್ಷರಕ್ಕೂ ಅತಿ ದಪ್ಪದ್ದನ್ನೇ ಹಾಕಿದರು. ತೆಳು ಕಾಗದದಲ್ಲಿ ಶಾಯಿ ಹರಡಿತು. ‘ಕಥೆ’ಯ ‘ಥ’ದೊಳಗಿನ ಚುಕ್ಕೆ ಸುತ್ತಲಿನ ಬಿಳುಪನ್ನೆಲ್ಲ ನುಂಗಿ ಕಪ್ಪು ಉಂಡೆಯಾಯಿತು. ‘ಧ’ದ ಕೆಳಗಿನ ಸೀಳು ಕಾಣದೆ ‘ಧನ’ ‘ದನ’ವಾಯಿತು. 2,000 ಪ್ರತಿ ರದ್ದಿಗೆ. ಆಮೇಲೆ ಇದರ ಹೊಸ ಆವೃತ್ತಿ ಬಾಲೂ ತಮ್ಮ 2 ತೆಗೆದುಕೊಂಡೆವು. ಅದರಲ್ಲಿ 400ರಿಂದ 800ರವರೆಗೆ ಐದು ದಪ್ಪಗಳಿವೆ. ಹೆಸರಿಗೆ 800, ಒಳಗಿನ ಬರಹಕ್ಕೆ 400. ಈಗ ಅಜ್ಜಿಯರೂ ಕನ್ನಡಕ ಇಲ್ಲದೆ ಓದುತ್ತಾರೆ.

ಗಾಂಧಿಬಜಾರ್: ಊರೆಲ್ಲ ಇದೇ ಅಕ್ಷರ ಆಗಿದೆ. ನಮ್ಮ ಅಂಗಡಿಗೆ ಪೇಂಟರ್ ಕೈಯಲ್ಲೇ ಬರೆಸಿದೆ. ತಲೆಕಟ್ಟನ್ನು ಒಂದೇ ಎಳೆತಕ್ಕೆ ಎಳೆದರು. ನಮ್ಮ ‘ಶ್ರೀ’ಯ ಒತ್ತು ಎಷ್ಟು ಉದ್ದ ಬೇಕೋ ಅಷ್ಟೇ ಇದೆ. ಎನಾಮಲ್, ತಗಡು, ಕೂಲಿ ಸೇರಿ 9,500. ಕರೆಂಟ್ ಬೇಡ, ಆರಿಹೋಗುವ ಭಯವೂ ಇಲ್ಲ.

ಕಾಟನ್‌ಪೇಟೆ: ರಾತ್ರಿ ಎಂಟಕ್ಕೆ ನಿಮ್ಮ ಬೋರ್ಡ್ ಓದಲು ಟಾರ್ಚ್ ಬೇಕು.

ಗಾಂಧಿಬಜಾರ್: ನಮ್ಮ ಗಿರಾಕಿಗಳು ಬೋರ್ಡ್ ನೋಡಿ ಬರುವವರಲ್ಲ ಗುರು. ಅಪ್ಪನ ಕಾಲದಿಂದ ಬರುವವರು.

ಶಿಶುವಿಹಾರದವರು: ಹೊಸ ಅಂಗಡಿಗೆ ಅಪ್ಪನ ಕಾಲ ಎಲ್ಲಿಂದ ತರುವುದು? ಅವರು ಕೇಳಿದ್ದು ಫಾಂಟ್ ಬಗ್ಗೆ. ಮಕ್ಕಳ ಅಂಗಡಿಗೆ ಇದರ ಮೃದು ತುದಿಗಳು ಚೆನ್ನಾಗಿ ಒಪ್ಪುತ್ತವೆ. ಇದೇ ಅಚ್ಚಿನಲ್ಲಿ ತಮಿಳು, ತೆಲುಗು, ಇಂಗ್ಲಿಷೂ ಇವೆ. ಎರಡು ಭಾಷೆ ಹಾಕಿದರೂ ಒಂದೇ ಮನೆಯವು ಅನ್ನಿಸುತ್ತವೆ.

ಗಾಂಧಿಬಜಾರ್: ಎರಡು ಭಾಷೆ ಅಂದಿರಲ್ಲ, ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು ಅಂತ 2024ರ ಕಾನೂನೇ ಇದೆ. ಮೊದಲು ಅದನ್ನು ನೋಡಿಕೊಳ್ಳಿ.

ಬೇಕರಿಯವರು: ನಾನು ಆ ಲೆಕ್ಕಕ್ಕೇ ಕನ್ನಡವನ್ನು ದೊಡ್ಡದು ಮಾಡಿಸಿದ್ದು. ಅಕ್ಷರ 12 ಇಂಚು ಆಗಿದ್ದೂ ಅದಕ್ಕೇ. ಕಾಟನ್‌ಪೇಟೆಯವರೇ, ಆ ಒತ್ತಿನ ಎಲ್‌ಇಡಿ ಬದಲಿಸಲು ಎಷ್ಟು ತಗೋತೀರಿ? ಪೂರ್ತಿ ಅಕ್ಷರದ ರೇಟು ಮಾತ್ರ ಹೇಳಬೇಡಿ.

ಕಾಟನ್‌ಪೇಟೆ: ಎಲ್‌ಇಡಿ ಮಾಡ್ಯೂಲಿನ ದುಡ್ಡು, ಜೊತೆಗೆ ಏಣಿ ಹತ್ತಿದ್ದಕ್ಕೆ 400. ಭಾನುವಾರ ಬರುತ್ತೇನೆ.