ಮಿಡ್‌ವೈಫ್ ಕೆಲಸ: ಸಂಬಳ, ಗುರುತು, ಅವಕಾಶ – ಹೊಸಬರ ಪ್ರಶ್ನೆಗಳಿಗೆ ಉತ್ತರ

(ಉತ್ತರ ಕೊಡುತ್ತಿರುವವರು ಲೇಬರ್ ರೂಮಿನಲ್ಲಿ ಬಹಳ ವರ್ಷ ದುಡಿದು, ಈಗ ಹೊಸಬರಿಗೆ ಕೆಲಸ ಕಲಿಸುತ್ತಿರುವ ಹಿರಿಯ ಮಿಡ್‌ವೈಫ್.)

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಕೋರ್ಸ್ ಮುಗಿಯಿತು, ನೋಂದಣಿಯೂ ಆಯಿತು. ಇಂಟರ್‌ವ್ಯೂಗೆ ಹೋದ ಕಡೆ "ಸ್ಟಾಫ್ ನರ್ಸ್ ಅಂತ ತಗೋತೀವಿ, ಆದ್ರೆ ಲೇಬರ್ ರೂಮ್‌ನಲ್ಲೇ ಹಾಕ್ತೀವಿ" ಅಂದರು. ಸಂಬಳ ಪರವಾಗಿಲ್ಲ. ಒಪ್ಪಿಕೊಳ್ಳಲಾ?

ಉತ್ತರ: ನಮಸ್ಕಾರ. ಸಂಬಳದ ಅಂಕಿ ಆಮೇಲೆ ನೋಡಿ. ಮೊದಲು ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರು ಏನಿದೆ ನೋಡಿ. ಹೊಸಬರು ಇದನ್ನು ಓದುವುದೇ ಇಲ್ಲ, ಸೀದಾ ಬೇಸಿಕ್ ಎಷ್ಟು ಅಂತ ಹುಡುಕುತ್ತಾರೆ.

ಹುದ್ದೆ "ನರ್ಸ್" ಅಂತಿದ್ದರೆ ಬೇರೆ ವಾರ್ಡಿನಲ್ಲಿ ಜನ ಕಡಿಮೆಯಾದ ದಿನ ನಿಮ್ಮನ್ನು ಅಲ್ಲಿಗೆ ಕಳಿಸಬಹುದು. ಬೇಡ ಅನ್ನಲು ನಿಮ್ಮ ಹತ್ತಿರ ಕಾಗದ ಇರುವುದಿಲ್ಲ. ವರ್ಷ ಕಳೆದ ಮೇಲೆ ಕೊಡುವ ಅನುಭವ ಪತ್ರದಲ್ಲೂ ನರ್ಸ್ ಅಂತಲೇ ಬರುತ್ತದೆ. ಆಗ ಮುಂದಿನ ಕಡೆ ಮಿಡ್‌ವೈಫ್ ಹುದ್ದೆಗೆ ಅರ್ಜಿ ಹಾಕಿದರೆ ನಿಮ್ಮನ್ನು ಹೊಸಬರ ಸಾಲಿನಲ್ಲೇ ನಿಲ್ಲಿಸುತ್ತಾರೆ. ಸಂಬಳ ಏರುವುದು ಅನುಭವದ ಮೇಲೆ ತಾನೇ?

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2008ರ ಉದ್ಯೋಗ ವರ್ಗೀಕರಣದಲ್ಲಿ ಮಿಡ್‌ವೈಫ್‌ಗೆ ನರ್ಸ್‌ನಿಂದ ಬೇರೆಯೇ ಸಂಖ್ಯೆ ಇದೆ: 2222. ಅದು ವೃತ್ತಿಪರರ ಗುಂಪು. ಸಹಾಯಕ ದರ್ಜೆಯ ಮಿಡ್‌ವೈಫ್‌ಗೆ 3222, ಅದು ಒಂದು ಮೆಟ್ಟಿಲು ಕೆಳಗೆ. ನಿಮ್ಮನ್ನು ಯಾವ ಗುಂಪಿನಲ್ಲಿ ಎಣಿಸುತ್ತಾರೆ ಅನ್ನುವುದರ ಮೇಲೆ ಬಡ್ತಿ, ದರ್ಜೆ ಎಲ್ಲ ನಿಂತಿರುತ್ತದೆ.

ಬೇರೆ ದಾರಿ ಇಲ್ಲದಿದ್ದರೆ ಸೇರಿಕೊಳ್ಳಿ, ತಪ್ಪಲ್ಲ. ಆದರೆ "ಮಿಡ್‌ವೈಫ್ ಕೆಲಸಕ್ಕೆ, ಹೆರಿಗೆ ವಿಭಾಗದಲ್ಲಿ ನಿಯೋಜನೆ" ಅಂತ ಒಂದು ಸಾಲು ಸೇರಿಸಲು ಕೇಳಿ. ಬಾಯಿಮಾತಿಗೆ ಬೆಲೆ ಇಲ್ಲ. ಇವತ್ತು ಮಾತು ಕೊಟ್ಟ ಮ್ಯಾನೇಜರ್ ನಾಳೆ ಇರಬೇಕಲ್ಲ!

ಪ್ರಶ್ನೆ: ಬೇಸಿಕ್ ಬಿಟ್ಟು ಇನ್ನೇನು ಕೇಳಬೇಕು ಮೇಡಂ? ಜಾಸ್ತಿ ಕೇಳಿದರೆ "ಇವಳು ಈಗಲೇ ಹೀಗೆ" ಅಂದುಕೊಳ್ಳುತ್ತಾರೆ ಅಂತ ಭಯ.

ಉತ್ತರ: ಅಂದುಕೊಳ್ಳಲಿ ಬಿಡಿ. ಹೆರಿಗೆ ಗಡಿಯಾರ ನೋಡಿಕೊಂಡು ಆಗುವುದಿಲ್ಲ. ಹಾಗಾಗಿ ನಮ್ಮ ಕೆಲಸದಲ್ಲಿ ದುಡ್ಡು ಸೋರಿ ಹೋಗುವುದು ಸಮಯದ ಲೆಕ್ಕದಲ್ಲೇ.

ಉದಾಹರಣೆಗೆ, ನಿಮ್ಮ ಡ್ಯೂಟಿ ಮುಗಿಯಲು ಹತ್ತು ನಿಮಿಷ ಇದೆ. ನೀವು ನೋಡಿಕೊಳ್ಳುತ್ತಿರುವ ತಾಯಿಗೆ ಗರ್ಭಕೋಶದ ಬಾಯಿ ಎಂಟು ಸೆಂಟಿಮೀಟರ್ ತೆರೆದಿದೆ, ಹೆರಿಗೆ ಹತ್ತಿರ ಬಂದಿದೆ. ಆಕೆ ನಿಮ್ಮ ಕೈ ಬಿಡುತ್ತಿಲ್ಲ. ನಿಮ್ಮ ಜಾಗಕ್ಕೆ ಬರಬೇಕಾದವರು ಆಗಲೇ ಇನ್ನೊಂದು ಹೆರಿಗೆಯಲ್ಲಿದ್ದಾರೆ. ನೀವು ಹೋಗುವುದಿಲ್ಲ, ನನಗೆ ಗೊತ್ತು. ಮಗು ಹುಟ್ಟಿ, ಮಾಸು ಬಿದ್ದು, ರಕ್ತಸ್ರಾವ ನೋಡಿ, ದಾಖಲೆ ಬರೆದು ಹೊರಡುವ ಹೊತ್ತಿಗೆ ಮೂರು ಗಂಟೆ ಕಳೆದಿರುತ್ತದೆ. ಆ ಮೂರು ಗಂಟೆಗೆ ದುಡ್ಡು ಇದೆಯಾ, ಬದಲಿ ರಜೆ ಇದೆಯಾ, ಅಥವಾ "ಥ್ಯಾಂಕ್ಸ್ ಸಿಸ್ಟರ್" ಮಾತ್ರವಾ? ಇಂಟರ್‌ವ್ಯೂನಲ್ಲಿ ಇದನ್ನೇ ಕೇಳಿ.

ಆಮೇಲೆ ಆನ್‌ಕಾಲ್. ಮನೆಯಲ್ಲಿ ಫೋನ್ ಹಿಡಿದು ಕಾಯುವ ರಾತ್ರಿಗೆ ಭತ್ಯೆ ಇದೆಯಾ, ಕರೆ ಬಂದರೆ ಮಾತ್ರವಾ? ರಾತ್ರಿ ಪಾಳಿಗೆ, ಹಬ್ಬದ ದಿನಕ್ಕೆ ಬೇರೆ ದರ ಇದೆಯಾ? ಪ್ರೊಬೇಷನ್ ಎಷ್ಟು ತಿಂಗಳು, ಮುಗಿದ ಮೇಲೆ ಸಂಬಳ ತಾನಾಗಿ ಏರುತ್ತದಾ, ಅರ್ಜಿ ಕೊಡಬೇಕಾ? ಕೆಲಸದಲ್ಲಿ ತಪ್ಪಾಯಿತು ಅಂತ ಯಾರಾದರೂ ಕೇಸ್ ಹಾಕಿದರೆ ಕಾಯುವ ವೃತ್ತಿ ವಿಮೆ ಯಾರು ಕಟ್ಟುತ್ತಾರೆ? ಇಷ್ಟಕ್ಕೆ ಉತ್ತರ ಬರವಣಿಗೆಯಲ್ಲಿ ಸಿಕ್ಕರೆ ಬೇಸಿಕ್ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತದೆ. ಬೇಸಿಕ್ ಚೆನ್ನಾಗಿದ್ದು ಇದಕ್ಕೆಲ್ಲ "ನೋಡೋಣ" ಅಂದರೆ ಹುಷಾರು.

ಪ್ರಶ್ನೆ: ಲೋಕದಲ್ಲಿ ಮಿಡ್‌ವೈಫ್‌ಗಳು ಸಾಕಷ್ಟಿಲ್ಲ ಅಂತ ಕೋರ್ಸ್ ಪೂರ್ತಿ ಹೇಳಿದರು. ಈಗ ನೋಡಿದರೆ ಕೆಲಸವೇ ಇಲ್ಲ. ಸುಳ್ಳು ಹೇಳಿದರಾ?

ಉತ್ತರ: ಸುಳ್ಳಲ್ಲ. 2021ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಮಿಡ್‌ವೈಫ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಸೇರಿ ತಂದ ವರದಿ ಜಗತ್ತಿನಲ್ಲಿ 9 ಲಕ್ಷ ಮಿಡ್‌ವೈಫ್‌ಗಳ ಕೊರತೆ ಇದೆ ಅಂದಿತು. ಆದರೆ ಅದು ತಾಯಂದಿರ ಅಗತ್ಯದ ಲೆಕ್ಕ. ಸಂಬಳ ಕೊಡಲು ಮಂಜೂರಾದ ಹುದ್ದೆಗಳ ಲೆಕ್ಕ ಬೇರೆ. ಅಗತ್ಯ ಇದ್ದಲ್ಲೆಲ್ಲ ಬಜೆಟ್ ಇರುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ ಇದೆ. ಸೀನಿಯರ್‌ಗಳು ಕಡಿಮೆ ಇರುವ ಕಡೆ ಹೊಸಬರನ್ನು ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಪಕ್ಕದಲ್ಲಿ ನಿಂತು ಕಲಿಸುವವರು ಬೇಕಲ್ಲ. ಅದಕ್ಕೇ "ಅನುಭವ ಇದ್ದವರು ಮಾತ್ರ" ಅನ್ನುವ ಜಾಹೀರಾತು ಅಷ್ಟೊಂದು ಕಾಣುವುದು. ದೂರದ ಊರುಗಳಲ್ಲಿ ಬೇಗ ಕೆಲಸ ಸಿಗುತ್ತದೆ. ಹೋಗುವ ಮುಂಚೆ ರಕ್ತ ಎಲ್ಲಿ ಸಿಗುತ್ತದೆ, ತೊಂದರೆಯಾದರೆ ತಾಯಿಯನ್ನು ಯಾವ ಗಾಡಿಯಲ್ಲಿ ಎಲ್ಲಿಗೆ ಕಳಿಸುತ್ತಾರೆ, ಮಧ್ಯರಾತ್ರಿ ಯಾರಿಗೆ ಫೋನ್ ಮಾಡಬೇಕು, ಇವನ್ನು ತಿಳಿದುಕೊಳ್ಳಿ. ಉತ್ತರ ಇಲ್ಲದ ಜಾಗಕ್ಕೆ ಮೊದಲ ವರ್ಷದಲ್ಲಿ ಒಬ್ಬರೇ ಹೋಗಬೇಡಿ. ಎಷ್ಟೇ ಕೊಡಲಿ.

ಪ್ರಶ್ನೆ: ಕ್ಷಮಿಸಿ, ನಾನು ಮಿಡ್‌ವೈಫ್ ಅಲ್ಲ, ನನ್ನ ಮಗಳು ಓದುತ್ತಿದ್ದಾಳೆ. ಇದು ಸೇವೆಯ ಕೆಲಸ. ಸಂಬಳ ಸಂಬಳ ಅಂತ ಚೌಕಾಸಿ ಮಾಡುವುದು ಸರಿಯಾ?

ಉತ್ತರ: ಸರಿ ಸಾರ್. ಸೇವೆ ಮಾಡುವವರೂ ಮನೆ ಬಾಡಿಗೆ ಕಟ್ಟಬೇಕು. ಈ ಮಾತನ್ನು ಹೆಂಗಸರೇ ಹೆಚ್ಚಿರುವ ಕೆಲಸಗಳಿಗೆ ಮಾತ್ರ ಯಾಕೆ ಹೇಳುತ್ತಾರೋ!

ಕೆನಡಾದ ಒಂಟಾರಿಯೋ ಪ್ರಾಂತ್ಯದ ಕಥೆ ಕೇಳಿ. ಅಲ್ಲಿ 1994ರಲ್ಲಿ ಮಿಡ್‌ವೈಫ್ ವೃತ್ತಿ ಕಾನೂನಿನ ಚೌಕಟ್ಟಿಗೆ ಬಂದಾಗ ಅವರ ಸಂಬಳವನ್ನು ಹಿರಿಯ ನರ್ಸ್ ಮತ್ತು ಸಮುದಾಯ ಆರೋಗ್ಯ ಕೇಂದ್ರದ ವೈದ್ಯರ ನಡುವೆ ನಿಗದಿ ಮಾಡಿದ್ದರು. ಬರಬರುತ್ತಾ ವೈದ್ಯರ ಸಂಬಳ ಏರಿತು, ಇವರದು ಹಿಂದೆ ಬಿತ್ತು. ಮಿಡ್‌ವೈಫ್‌ಗಳ ಸಂಘ ದೂರು ಕೊಟ್ಟಿತು. ಇದು ಲಿಂಗ ತಾರತಮ್ಯವೇ ಅಂತ ಮಾನವ ಹಕ್ಕುಗಳ ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟಿತು. 2020ರಲ್ಲಿ ಶೇ 20ರಷ್ಟು ಹೆಚ್ಚಿಸಿ ಹಿಂದಿನ ಬಾಕಿಯನ್ನೂ ಕೊಡಲು ಆದೇಶ ಬಂತು. ಒಬ್ಬೊಬ್ಬರೇ ಕೇಳಿದ್ದರೆ ಇದು ಆಗುತ್ತಿರಲಿಲ್ಲ. ಮಗಳಿಗೆ ಮೊದಲ ತಿಂಗಳೇ ಸಂಘದ ಸದಸ್ಯತ್ವ ಮಾಡಿಸಿ.

ಪ್ರಶ್ನೆ: ಹೆರಿಗೆ ಮಾಡಿಸುವುದು ನಾನು, ರಿಜಿಸ್ಟರ್‌ನಲ್ಲಿ ಹೆಸರು ಡಾಕ್ಟರ್‌ದು. ಇದಕ್ಕೇನು ಮಾಡಲಿ?

ಉತ್ತರ: ಜಗಳ ಬೇಡ, ಬರೆಯಿರಿ. ಪಾರ್ಟೋಗ್ರಾಫ್‌ನಲ್ಲಿ (ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಗುರುತು ಹಾಕುವ ಹಾಳೆ) ಪ್ರತಿ ತಪಾಸಣೆಯ ಸಮಯದ ಜೊತೆ ನಿಮ್ಮ ಸಹಿ ಇರಲಿ. "ಹೆರಿಗೆ ಮಾಡಿಸಿದವರು" ಅನ್ನುವ ಜಾಗ ಕೇಸ್ ಶೀಟ್‌ನಲ್ಲಿ ಇಲ್ಲದಿದ್ದರೆ ಟಿಪ್ಪಣಿಯಲ್ಲೇ ಬರೆಯಿರಿ. ನಿಮ್ಮದೇ ಲಾಗ್‌ಬುಕ್ ಇಟ್ಟುಕೊಳ್ಳಿ. ತಾಯಿಯ ಹೆಸರು ಬೇಡ. ತಾರೀಖು, ಹೆರಿಗೆಯ ರೀತಿ, ನಿಮ್ಮ ಪಾತ್ರ, ಮೇಲ್ವಿಚಾರಕರ ಸಹಿ ಸಾಕು.

ಗೌರವ ಮೇಲಿನಿಂದ ಬರುತ್ತಿದೆ, ಇಲ್ಲ ಅನ್ನಲ್ಲ. ಯುನೆಸ್ಕೋ 2023ರಲ್ಲಿ ನಮ್ಮ ಕಸುಬಿನ ಜ್ಞಾನವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷ. ಪೇ ಸ್ಲಿಪ್‌ಗೆ ಏನೂ ಸೇರಲಿಲ್ಲ! ನಿಜವಾಗಿ ವ್ಯತ್ಯಾಸ ಮಾಡುವುದು ಕಾನೂನು. ನ್ಯೂಜಿಲೆಂಡ್‌ನಲ್ಲಿ 1990ರ ತಿದ್ದುಪಡಿಯ ನಂತರ ಮಿಡ್‌ವೈಫ್ ವೈದ್ಯರ ಮೇಲ್ವಿಚಾರಣೆ ಇಲ್ಲದೆ ಸ್ವಂತ ಜವಾಬ್ದಾರಿಯಲ್ಲಿ ಹೆರಿಗೆ ನೋಡಿಕೊಳ್ಳಬಹುದು. ಅಂಥ ಕಡೆ ರಿಜಿಸ್ಟರ್‌ನಲ್ಲಿ ಯಾರ ಹೆಸರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಪ್ರಶ್ನೆ: ಹೊರದೇಶಕ್ಕೆ ಹೋದರೆ?

ಉತ್ತರ: ಮೊದಲು ನಿಮ್ಮ ಕೋರ್ಸಿನ ಅವಧಿ ನೋಡಿ. ಮಿಡ್‌ವೈಫ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ಮಾನದಂಡದ ಪ್ರಕಾರ ನೇರವಾಗಿ ಸೇರಿದವರಿಗೆ ಕನಿಷ್ಠ 3 ವರ್ಷ, ನರ್ಸಿಂಗ್ ಮುಗಿಸಿ ಬಂದವರಿಗೆ ಕನಿಷ್ಠ 18 ತಿಂಗಳು ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಅಲ್ಲಿ ಮತ್ತೆ ಓದಬೇಕಾಗಬಹುದು. ಏಜೆಂಟ್‌ಗೆ ದುಡ್ಡು ಕಟ್ಟುವ ಮುಂಚೆ ಆ ದೇಶದಲ್ಲಿ ಮಿಡ್‌ವೈಫ್‌ಗಳನ್ನು ನೋಂದಣಿ ಮಾಡುವ ಕೌನ್ಸಿಲ್‌ಗೆ ನೀವೇ ಒಂದು ಮೇಲ್ ಹಾಕಿ, ನಿಮ್ಮ ಅರ್ಹತೆ ಒಪ್ಪುತ್ತಾರಾ ಅಂತ ಕೇಳಿ. ಕಾಲೇಜಿನಿಂದ ಹೆರಿಗೆಗಳ ಸಂಖ್ಯೆ ಇರುವ ಪ್ರಮಾಣಪತ್ರವನ್ನು ಈಗಲೇ ತೆಗೆದಿಟ್ಟುಕೊಳ್ಳಿ. ನಾಲ್ಕು ವರ್ಷ ಬಿಟ್ಟು ಹೋದರೆ ಆ ರಿಜಿಸ್ಟರ್ ಎಲ್ಲಿದೆ ಅಂತ ಹೇಳುವವರೂ ಸಿಗುವುದಿಲ್ಲ.