ಹಳೆ ಪಿಸಿಯನ್ನು ರೂಟರ್ ಮಾಡಿದವರು ದಾರಿ ತೋರಿಸಿ

ಡೊಂಬಿವಲಿಯಿಂದ ಪ್ರಶ್ನೆ:
ಹಳೆ ಪಿಸಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿ ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಮಾಡಿದ್ದೇನೆ. ಆ ಪಿಸಿಯಲ್ಲಿ ಇಂಟರ್ನೆಟ್ ಬರುತ್ತದೆ, ಅದಕ್ಕೆ ಜೋಡಿಸಿದ ಲ್ಯಾಪ್‌ಟಾಪ್‌ನಲ್ಲಿ ಬರೋದಿಲ್ಲ. ಎಲ್ಲಿಂದ ಹುಡುಕಲಿ?

ಪುಣೆ, ಚಿಂಚವಾಡದಿಂದ:
ಮೊದಲು ಎರಡೂ ಕಾರ್ಡ್‌ಗಳ ವಿಳಾಸ ನೋಡಿ. ಫೈಬರ್ ಹಾಕಿದವರು ಕೊಡುವ ಮೋಡೆಮ್ ಎಷ್ಟೋ ಸಲ 192.168.1 ಸಾಲಿನ ವಿಳಾಸ ಕೊಡುತ್ತದೆ. ಒಳಗಿನ ಕಾರ್ಡ್‌ಗೂ ಅದೇ ಸಾಲು ಕೊಟ್ಟರೆ ಪ್ಯಾಕೆಟ್ ಯಾವ ಕಡೆ ಹೋಗಬೇಕು ಅನ್ನೋದೇ ಗೊಂದಲ. ಒಳಗೆ 192.168.50 ಥರ ಬೇರೆ ಸಾಲು ಇಡಿ. ಲ್ಯಾಪ್‌ಟಾಪ್‌ನ ಗೇಟ್‌ವೇ (ಹೊರಗೆ ಹೋಗುವ ಬಾಗಿಲಿನ ವಿಳಾಸ) ಆ ಒಳಗಿನ ಕಾರ್ಡ್‌ನ ವಿಳಾಸವೇ ಆಗಿರಬೇಕು.

ಇಷ್ಟು ಸರಿಯಿದ್ದರೆ ಸುಮ್ನೆ ಊಹೆ ಮಾಡುತ್ತಾ ಕೂರಬೇಡಿ, ಹಾದುಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ. ಲ್ಯಾಪ್‌ಟಾಪ್‌ನಿಂದ 8.8.8.8ಕ್ಕೆ ಪಿಂಗ್ ಬಿಡಿ. ಮೊದಲು ಒಳಗಿನ ಕಾರ್ಡ್ ನೋಡಿ, ಆಮೇಲೆ ಹೊರಗಿನದು. ಒಳಗೆ ಬಂದದ್ದು ಹೊರಗೆ ಕಾಣಿಸಲೇ ಇಲ್ಲ ಅಂದರೆ ಹೆಚ್ಚಾಗಿ ಫಾರ್ವರ್ಡಿಂಗ್ (ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ದಾಟಿಸುವುದು) ಆಫ್ ಇರುತ್ತದೆ. ಸಿಸ್ಟಮ್ ಸೆಟ್ಟಿಂಗ್ ನೋಡುವ ಸಿಸ್‌ಕಂಟ್ರೋಲ್‌ನಲ್ಲಿ (sysctl) ಅದು 0 ಇದ್ದರೆ 1 ಮಾಡಿ. ಹೊರಗೆ ಕಾಣಿಸುತ್ತಿದೆ, ಆದರೆ ಕಳಿಸಿದವರ ವಿಳಾಸ ಇನ್ನೂ 192.168.50 ಅಂತಲೇ ಇದೆ, ಉತ್ತರ ಬರ್ತಿಲ್ಲ ಅಂದರೆ ನ್ಯಾಟ್ (ಒಳಗಿನ ವಿಳಾಸದ ಬದಲು ಹೊರಗಿನ ವಿಳಾಸ ಹಾಕುವುದು) ಆಗುತ್ತಿಲ್ಲ. ಗಂಟೆಗಟ್ಟಲೆ ಸೆಟ್ಟಿಂಗ್ ಫೈಲ್ ಓದುವುದಕ್ಕಿಂತ ಟಿಸಿಪಿಡಂಪ್‌ನ ಈ ಒಂದು ಸಾಲು ಜಾಸ್ತಿ ಹೇಳುತ್ತದೆ.

ಡೊಂಬಿವಲಿಯಿಂದ:
ಹಾಕಿ ನೋಡಿದೆ ಸರ್. ಹೊರಗೂ 192.168.50.10 ಅಂತಲೇ ಹೋಗುತ್ತಿದೆ.

ಚಿಂಚವಾಡದಿಂದ:
ಹಾಗಾದರೆ ನ್ಯಾಟ್ ನಿಯಮವೇ ಬೇಕು. ಪಿಎಫ್ (ಓಪನ್‌ಬಿಎಸ್‌ಡಿಯ ಫೈರ್‌ವಾಲ್) ಫೈಲ್‌ನಲ್ಲಿ ಈಗ್ರೆಸ್‌ನಿಂದ (ಹೊರಗಿನ ಕಾರ್ಡ್‌ನ ಗುಂಪು) ಹೊರಗೆ ಹೋಗುವುದಕ್ಕೆ ನ್ಯಾಟ್-ಟು ಸಾಲು ಸೇರಿಸಿ. ಡಿಫಾಲ್ಟ್ ರೂಟ್, ಅಂದರೆ ಇಂಟರ್ನೆಟ್ ಕಡೆಯ ದಾರಿ ಇರುವ ಕಾರ್ಡ್ ತಾನಾಗಿ ಈಗ್ರೆಸ್ ಗುಂಪಿಗೆ ಸೇರುತ್ತದೆ. ನ್ಯಾಟ್-ಟು ಆದಮೇಲೆ ಬರುವ ಈಗ್ರೆಸ್ ಪದವನ್ನು ಬ್ರಾಕೆಟ್ ಒಳಗೆ ಹಾಕಿ. ಹೊರಗಿನ ವಿಳಾಸ ಬದಲಾದರೂ ನಿಯಮ ಹೊಸದನ್ನು ಹಿಡಿದುಕೊಳ್ಳುತ್ತದೆ. ಲೋಡ್ ಮಾಡುವ ಮೊದಲು ನಿಯಮ ಲೋಡ್ ಮಾಡುವ ಪಿಎಫ್‌ಸಿಟಿಎಲ್ ಕಮಾಂಡ್‌ಗೆ -n ಕೊಟ್ಟು ತಪ್ಪಿದೆಯಾ ನೋಡಿ.

ನಂಬರ್‌ಗೆ ಪಿಂಗ್ ಹೋಗಿ ಹೆಸರಿಗೆ ಹೋಗದಿದ್ದರೆ ಹೆಸರನ್ನು ನಂಬರ್ ಮಾಡಿಕೊಡುವ ಡಿಎನ್‌ಎಸ್ ನೋಡಿ. ರೂಟಿಂಗ್ ಮುಟ್ಟಲು ಹೋಗಬೇಡಿ.

ಗೋವಾ, ವಾಸ್ಕೋದಿಂದ:
ನಿಮ್ಮ ಲೈನ್ ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಕನೆಕ್ಟ್ ಆಗುವ ರೀತಿ) ಆಗಿದ್ದು ಪಿಸಿಯೇ ಡಯಲ್ ಮಾಡುತ್ತಿದ್ದರೆ ಇನ್ನೊಂದು ತೊಂದರೆ ಬರಬಹುದು. ಪಿಂಗ್ ಚೆನ್ನಾಗಿ ಹೋಗುತ್ತದೆ, ಕೆಲವು ಸೈಟ್ ಮಾತ್ರ ಅರ್ಧಕ್ಕೇ ನಿಂತುಬಿಡುತ್ತವೆ. ಪಿಪಿಪಿಒಇ 8 ಬೈಟ್ ತಿನ್ನುತ್ತದೆ, ಹಾಗಾಗಿ 1500ರ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಆಗುತ್ತದೆ. ಐಪಿ, ಟಿಸಿಪಿ ಹೆಡರ್‌ಗಳಿಗೆ ಇನ್ನೂ 40 ಕಳೆದು ಪಿಎಫ್‌ನಲ್ಲಿ ಮ್ಯಾಕ್ಸ್-ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಹಿಡಿಸುವ ಡೇಟಾದ ಮಿತಿ) 1452 ಕೊಡಿ. ವೈಫೈ ಮೇಲೆ ತಪ್ಪು ಹೊರಿಸುವ ಮೊದಲು ಇದನ್ನು ನೋಡಲೇಬೇಕು.

ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ. ಟರ್ಮಿನಲ್‌ನಲ್ಲಿ ಐಎಫ್‌ಕಾನ್ಫಿಗ್ ಹೊಡೆದು ಕೊಟ್ಟ ವಿಳಾಸ ರೀಬೂಟ್ ಆದ ಕೂಡಲೇ ಹೋಗುತ್ತದೆ. ಒಂದೊಂದು ಕಾರ್ಡ್‌ಗೂ ಅದರದೇ ಹೋಸ್ಟ್‌ನೇಮ್ ಫೈಲ್ ಇರಲಿ, ಫಾರ್ವರ್ಡಿಂಗ್ ಸಾಲು ಸಿಸ್‌ಕಂಟ್ರೋಲ್ ಫೈಲ್‌ಗೂ ಬರಲಿ. ಎಲ್ಲ ಬರೆದಾದ ಮೇಲೆ ಒಮ್ಮೆ ನೀವೇ ರೀಬೂಟ್ ಮಾಡಿ. ಮನೆಯವರಿಗೆ ನೆಟ್ ಬೇಡದ ಹೊತ್ತು ನೋಡಿ ಮಾಡಿ, ಅಲ್ವಾ.