ವಿಚರ್ 3 ಆಟದ ಊರುಗಳ ಹೆಸರು ಎಲ್ಲಿಂದ ಬಂದವು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ರಾತ್ರಿ ಊಟ ಮುಗಿಸಿ ನಾನೂ ನನ್ನ ತಮ್ಮನೂ ‘ದಿ ವಿಚರ್ 3’ ಆಡುತ್ತಿದ್ದೇವೆ. ಕಂಟ್ರೋಲರ್ ಅವನ ಕೈಯಲ್ಲಿ. ಮ್ಯಾಪ್ ನೋಡಿ ದಾರಿ ಹೇಳುವುದು ನನ್ನ ಕೆಲಸ. ಹಾಗಾಗಿ ಊರುಗಳ ಹೆಸರೆಲ್ಲ ನನಗೆ ಬಾಯಿಪಾಠ ಆಗಿಬಿಟ್ಟಿವೆ. ನೊವಿಗ್ರಾಡ್, ಆಕ್ಸನ್‌ಫರ್ಟ್, ಸ್ಕೆಲಿಗೆ, ಟುಸಾಂ, ಕೇರ್ ಮೊರ್ಹೆನ್.

ಎಷ್ಟೋ ಫ್ಯಾಂಟಸಿ ಆಟಗಳ ಊರಿನ ಹೆಸರು ಮಾರನೇ ದಿನ ನೆನಪಿರುವುದಿಲ್ಲ. ಈ ಹೆಸರುಗಳು ಮಾತ್ರ ಮನಸ್ಸಿನಲ್ಲಿ ಉಳಿಯುತ್ತವೆ. ದಾರಿಬದಿಯ ಕೈಮರದ ಮುಂದೆ ನಿಂತಾಗ, ಆ ಊರಿನಲ್ಲಿ ನೂರಾರು ವರ್ಷದಿಂದ ಜನ ಬಾಳಿದ್ದಾರೆ ಅನ್ನಿಸುತ್ತದೆ. ಇದು ಹೇಗೆ ಸಾಧ್ಯ? ನಾನೂ ಒಂದು ಪುಟ್ಟ ಆಟ ಮಾಡುತ್ತಿದ್ದೇನೆ. ನೋಟ್‌ಬುಕ್ಕಿನಲ್ಲಿ ಹನ್ನೊಂದು ಹಳ್ಳಿಗಳ ಮ್ಯಾಪ್ ಬರೆದಿದ್ದೇನೆ. ಹೆಸರು ಬರೆದು ಅಳಿಸಿ, ಬರೆದು ಅಳಿಸಿ ಹಾಳೆಯೇ ತೆಳ್ಳಗಾಗಿದೆ. ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ 1

ಒಳ್ಳೆ ಪ್ರಶ್ನೆ. ನಾನು ಮೂರು ವರ್ಷ ಕೆಲಸಕ್ಕಾಗಿ ಪೋಲೆಂಡಿನಲ್ಲಿದ್ದೆ. ಈ ಆಟವನ್ನು ಅಲ್ಲೇ, ಪೋಲಿಷ್ ಭಾಷೆಯಲ್ಲೇ ಆಡಿದೆ. ಹಾಗಾಗಿ ಹೆಸರುಗಳ ಬಗ್ಗೆ ನನಗೂ ಹುಚ್ಚು ಹಿಡಿದಿತ್ತು.

ನೀವು ಬರೆದ ಐದೂ ಹೆಸರುಗಳು ಆಟಕ್ಕಿಂತ ಹಳೆಯವು. ಪೋಲೆಂಡಿನ ಲೇಖಕ ಆಂಜೆಯ್ ಸಪ್ಕೋವ್‌ಸ್ಕಿ ಅವರ ವಿಚರ್ ಕಥೆಗಳಿಂದ ಬಂದವು. ಮೊದಲ ಕಥೆ ಅಚ್ಚಾಗಿದ್ದು 1986ರಲ್ಲಿ. ಆಟ ಬಂದಿದ್ದು 2015ರಲ್ಲಿ.

ನೊವಿಗ್ರಾಡ್ ಸುಲಭ. ಸ್ಲಾವಿಕ್ ಭಾಷೆಗಳಲ್ಲಿ ‘ನೋವಿ’ ಅಂದರೆ ಹೊಸ, ‘ಗ್ರಾಡ್’ ಅಂದರೆ ಕೋಟೆ ಕಟ್ಟಿದ ಊರು. ಕ್ರೊಯೇಷಿಯಾದ ಕಡಲತೀರದಲ್ಲಿ ಇದೇ ಹೆಸರಿನ ಊರು ನಿಜವಾಗಿಯೂ ಇದೆ. ರಷ್ಯಾದ ನೊವ್‌ಗೊರೊಡ್ ಕೂಡ ಅದೇ. ನಮ್ಮಲ್ಲಿ ಅದು ಹೊಸಕೋಟೆ.

ಆಕ್ಸನ್‌ಫರ್ಟ್ ಆಟದಲ್ಲಿ ದೊಡ್ಡ ವಿದ್ಯಾಸಂಸ್ಥೆ ಇರುವ ಊರು. ಆಕ್ಸ್‌ಫರ್ಡ್ ನೆನಪಾಗಲೇಬೇಕು ಅಂತಲೇ ಇಟ್ಟ ಹೆಸರು ಅದು. ಆಕ್ಸ್‌ಫರ್ಡ್ ಅಂದರೆ ಎತ್ತುಗಳು ಹೊಳೆ ದಾಟುವ ಜಾಗ. ‘ಫರ್ಟ್’ ಅದರ ಜರ್ಮನ್ ರೂಪ, ಫ್ರಾಂಕ್‌ಫರ್ಟ್‌ನಲ್ಲಿ ಇದೆಯಲ್ಲ, ಅದೇ. ನನಗೆ ಸಕಲೇಶಪುರದ ಎತ್ತಿನಹೊಳೆ ನೆನಪಾಯಿತು. ಟುಸಾಂ ಫ್ರೆಂಚ್ ಪದ, ನವೆಂಬರ್ 1ರ ‘ಎಲ್ಲ ಸಂತರ ಹಬ್ಬ’ಕ್ಕೆ ಹೇಳುವುದು. ಆ ಸೀಮೆಯ ತುಂಬ ದ್ರಾಕ್ಷಿ ತೋಟ, ಹೆಸರುಗಳೂ ಫ್ರೆಂಚ್.

ನನಗೆ ಎಲ್ಲಕ್ಕಿಂತ ಇಷ್ಟ ಕೇರ್ ಮೊರ್ಹೆನ್. ವೇಲ್ಸ್ ದೇಶದ ಭಾಷೆಯಲ್ಲಿ ‘ಕೇರ್’ ಅಂದರೆ ಕೋಟೆ, ‘ಮೋರ್’ ಅಂದರೆ ಸಮುದ್ರ, ‘ಹೆನ್’ ಅಂದರೆ ಹಳೆಯದು. ಕಥೆಯೊಳಗೆ ಇನ್ನೂ ಒಂದು ಪದರ ಇದೆ. ಎಲ್ಫ್ ಜನ ಅದನ್ನು ‘ಕೇರ್ ಅ ಮುಯಿರೆಹೆನ್’ ಅನ್ನುತ್ತಿದ್ದರು, ಹಳೆ ಸಮುದ್ರದ ಕೋಟೆ ಅಂತ. ಆದರೆ ಕೋಟೆ ಇರುವುದು ಬೆಟ್ಟಗಳ ನಡುವೆ. ಸಮುದ್ರ ಎಲ್ಲಿ? ತಳದ ಕಲ್ಲುಗಳಲ್ಲಿ ಕಡಲಜೀವಿಗಳ ಅಚ್ಚು ಇದೆ. ಒಂದು ಕಾಲದಲ್ಲಿ ಅಲ್ಲಿ ನೀರಿತ್ತು. ಮನುಷ್ಯರ ನಾಲಿಗೆಯಲ್ಲಿ ಆ ಉದ್ದ ಹೆಸರು ಸವೆದು ಮೊರ್ಹೆನ್ ಆಯಿತು.

ನಿಮ್ಮ ಪ್ರಶ್ನೆಗೆ ಉತ್ತರ ಈ ಸವೆತದಲ್ಲೇ ಇದೆ ಅಂತ ನನ್ನ ನಂಬಿಕೆ. ಬೆಂಗಳೂರಿನ ಜಕ್ಕಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ ನೋಡಿ. ‘ಸಂದ್ರ’ ಅಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ಕರೆದು ಕರೆದು ಸಮುದ್ರ ಸಂದ್ರ ಆಯಿತು. ಅರ್ಥ ಮರೆತರೂ ಹೆಸರು ಉಳಿಯಿತು. ಜನ ಬಳಸಿದ ಹೆಸರು ಹಾಗೇ ಇರುತ್ತದೆ, ಅಲ್ವಾ?

ಇನ್ನೊಂದು ಮಾತು. ಆಟದಲ್ಲಿ ಮಾಟಗಾತಿಯರ ಜಾತ್ರೆ ನಡೆಯುವ ‘ಬಾಲ್ಡ್ ಮೌಂಟನ್’ ಇಂಗ್ಲಿಷ್‌ನಲ್ಲಿ ಸುಮ್ನೆ ಒಂದು ಬೋಳುಗುಡ್ಡ. ಪೋಲಿಷ್‌ನಲ್ಲಿ ಅದು ‘ವಿಸಾ ಗೂರಾ’. ಆ ಹೆಸರಿನ ಬೆಟ್ಟ ಪೋಲೆಂಡಿನಲ್ಲಿ ಇದೆ. ಅಲ್ಲಿ ಮಾಟಗಾತಿಯರು ಸೇರುತ್ತಿದ್ದರು ಅನ್ನುವ ಕಥೆ ಹಳ್ಳಿ ಹಳ್ಳಿಗೂ ಗೊತ್ತು. ಪೋಲಿಷ್‌ನಲ್ಲಿ ಆಡುವವರಿಗೆ ಹೆಸರು ಕೇಳಿದ ಕೂಡಲೇ ಮೈ ಜುಮ್ಮೆನ್ನುತ್ತದೆ.

ಉತ್ತರ 2

ನಾನು ಐರ್ಲೆಂಡಿನಲ್ಲಿ ನರ್ಸ್. ಆಟದ ದ್ವೀಪಗಳ ಸೀಮೆ ಸ್ಕೆಲಿಗೆ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬಂದೆ. ಕೆರ್ರಿ ಕೌಂಟಿಯ ತೀರದಿಂದ ಸುಮಾರು 12 ಕಿ.ಮೀ. ದೂರದಲ್ಲಿ ಸ್ಕೆಲಿಗ್ ಮೈಕಲ್ ಅನ್ನುವ ಬಂಡೆ ದ್ವೀಪ ಇದೆ. ‘ಸ್ಕೆಲಿಗ್’ ಅಂದರೆ ಐರಿಷ್‌ನಲ್ಲಿ ಕಡಿದಾದ ಬಂಡೆ. ಆಟದ ದೊಡ್ಡ ದ್ವೀಪ ‘ಆರ್ಡ್ ಸ್ಕೆಲಿಗ್’. ‘ಆರ್ಡ್’ ಅಂದರೆ ಎತ್ತರ.

ಮೊದಲ ಸಲ ಹೋದಾಗ ಅಲೆ ಜಾಸ್ತಿ ಅಂತ ದೋಣಿ ಬಿಡಲಿಲ್ಲ. ಎರಡನೇ ಸಲ ಪೋರ್ಟ್‌ಮಗೀ ಅನ್ನುವ ಹಳ್ಳಿಯಿಂದ ಹೊರಟೆವು. ಮಂಜಿನೊಳಗಿಂದ ಆ ಬಂಡೆ ಒಮ್ಮೆಲೇ ಎದ್ದು ಬಂತು, ಕಪ್ಪಗೆ, ಚೂಪಾಗಿ. 600ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ. ಮೇಲೆ ಸನ್ಯಾಸಿಗಳು ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ ಗುಡಿಸಲುಗಳು, ಜೇನುಗೂಡಿನ ಆಕಾರ. ನಾನು ಒಂದರೊಳಗೆ ಬಗ್ಗಿ ಹೋಗಿ ನಿಂತೆ. ಹೊರಗೆ ಅಷ್ಟು ಗಾಳಿ, ಒಳಗೆ ಪೂರ್ತಿ ಮೌನ. ಆಮೇಲೆ ಆಟದಲ್ಲಿ ಸ್ಕೆಲಿಗೆಗೆ ಹಡಗು ಹತ್ತಿದಾಗ ಆ ಗಾಳಿ ಮತ್ತೆ ಮುಖಕ್ಕೆ ಬಡಿದ ಹಾಗಾಯಿತು.

ಆಟದ ಸ್ಕೆಲಿಗೆಯಲ್ಲಿ ಎಲ್ಲ ಹೆಸರೂ ಐರಿಷ್ ಅಲ್ಲ. ಅಲ್ಲಿನ ‘ಉಂಡ್ವಿಕ್’ ದ್ವೀಪದ ‘ವಿಕ್’ ವೈಕಿಂಗರ ಮಾತು, ಕೊಲ್ಲಿ ಅಂತ ಅರ್ಥ. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲೂ ಇದೆ. ‘ಹಿಂಡರ್ಸ್‌ಫ್ಯಾಲ್’ ಅನ್ನುವುದು ನಾರ್ಸ್ ಪುರಾಣದ ಬೆಟ್ಟದ ಹೆಸರು. ಈ ಬೆರಕೆ ನನಗೆ ತಪ್ಪು ಅನ್ನಿಸಲಿಲ್ಲ. ಐರ್ಲೆಂಡೇ ಹಾಗಿದೆ. ವಾಟರ್‌ಫರ್ಡ್, ವೆಕ್ಸ್‌ಫರ್ಡ್ ಎರಡೂ ವೈಕಿಂಗರು ಇಟ್ಟ ಹೆಸರು. ಮೇಲೆ ಬರೆದವರಿಗೆ ಒಂದು ಮಾತು: ಇಲ್ಲಿನ ‘ಫರ್ಡ್’ ಹೊಳೆ ದಾಟುವ ಜಾಗ ಅಲ್ಲ, ‘ಫ್ಯೋರ್ಡ್’ ಸವೆದು ಆದದ್ದು. ಸಮುದ್ರ ನೆಲದೊಳಗೆ ಚಾಚಿಕೊಂಡ ಜಾಗ ಅಂತ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಓದಿದ ಮೇಲೆ ನೋಟ್‌ಬುಕ್ ತೆಗೆದೆ. ಪಡುವಣ ದಿಕ್ಕಿನ ಹಳ್ಳಿಗೆ ‘ಕರಿಬಂಡೆಯ ಸಮುದ್ರ’ ಅಂತ ಬರೆದಿದ್ದೆ, ಪಕ್ಕದಲ್ಲಿ ಒಂದು ಕೆರೆ ಬರೆದಿದ್ದೆ. ಈಗ ಕೆರೆಯನ್ನು ಅಳಿಸಿ ಹೊಲ ಮಾಡಿದೆ. ಏರಿಯ ಒಂದು ತುಂಡು ಮಾತ್ರ ಬಿಟ್ಟಿದ್ದೇನೆ. ಹೆಸರನ್ನು ತಮ್ಮನಿಗೆ ಕೊಟ್ಟು ಜೋರಾಗಿ, ಬೇಗ ಬೇಗ ಹತ್ತು ಸಲ ಹೇಳು ಅಂದೆ. ಹತ್ತನೇ ಸಲಕ್ಕೆ ‘ಕರ್ಬಂಡ್ಸಂದ್ರ’ ಆಗಿತ್ತು. ಅದನ್ನೇ ಪೆನ್ನಿನಲ್ಲಿ ಬರೆದಿದ್ದೇನೆ.

ಇನ್ನು ಹತ್ತು ಊರು ಬಾಕಿ ಇವೆ.